ರೆಫರಿಯನ್ನು ಬೈಯುವ ಭರದಲ್ಲಿ ತಂಡದ ಆಟದ ಲೋಪಗಳು ಮರೆಯಾಗುತ್ತಿವೆಯೇ?

ಕಂಠೀರವದ ಪ್ರೇಕ್ಷಕ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮ ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿ ಸೋತ ದಿನ ನಮ್ಮ ಮಾತುಕತೆಯೆಲ್ಲ ರೆಫರಿಯ ಸುತ್ತಲೇ ಸುತ್ತುತ್ತದೆ. 2023ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ 2-2ರಲ್ಲಿ ನಿಂತು, ಶೂಟೌಟ್‌ನಲ್ಲಿ ನಾವು ಎಟಿಕೆ ಮೋಹನ್ ಬಾಗಾನ್‌ಗೆ ಸೋತೆವು. ಅಂದಿನ ನಾಲ್ಕು ಗೋಲುಗಳಲ್ಲಿ ಮೂರು ಪೆನಾಲ್ಟಿಯಿಂದ ಬಂದವಾದ್ದರಿಂದ ವಿಎಆರ್ (ವಿಡಿಯೊ ನೋಡಿ ತೀರ್ಪನ್ನು ಮರುಪರಿಶೀಲಿಸುವ ವ್ಯವಸ್ಥೆ) ಬೇಕೆಂಬ ಕೂಗು ಎದ್ದದ್ದು ಸಹಜವೇ. 2025ರ ಫೈನಲ್‌ನಲ್ಲೂ ನಾವು ಮುಂದಿದ್ದಾಗ ಹ್ಯಾಂಡ್‌ಬಾಲ್‌ಗಾಗಿ ಪೆನಾಲ್ಟಿ ಪಡೆದ ಮೋಹನ್ ಬಾಗಾನ್ ಸಮ ಮಾಡಿಕೊಂಡಿತು. ಹೆಚ್ಚುವರಿ ಸಮಯದಲ್ಲಿ ಜೇಮಿ ಮೆಕ್ಲಾರೆನ್ ಹೊಡೆದ ಗೋಲು ಕಪ್ಪನ್ನು ನಮ್ಮ ಕೈತಪ್ಪಿಸಿತು. ಪಂದ್ಯ ಮುಗಿದ ಮೇಲೆ ಟಿವಿಯಲ್ಲಿ ಕೂರುವ ಪರಿಣತರು ಪೆನಾಲ್ಟಿಯ ದೃಶ್ಯವನ್ನು ಮತ್ತೆ ಮತ್ತೆ ತೋರಿಸಿ, "ನನ್ನ ಪ್ರಕಾರ ಕೊಡಬಾರದಿತ್ತು" ಎಂದಷ್ಟೇ ಹೇಳಿ ಮುಗಿಸುತ್ತಾರೆ. ನಿಯಮ ಏನು ಹೇಳುತ್ತದೆ ಎಂಬುದಾಗಲಿ, ಮೆಕ್ಲಾರೆನ್‌ರಂಥ ಆಟಗಾರನಿಗೆ ಗೋಲಿನ ಮುಂದೆ ಅಷ್ಟು ಜಾಗ ಹೇಗೆ ಸಿಕ್ಕಿತು ಎಂಬುದಾಗಲಿ ಯಾರ ಬಾಯಲ್ಲೂ ಬರುವುದಿಲ್ಲ. ರೆಫರಿಯ ತಪ್ಪನ್ನೂ ತಂಡದ ತಪ್ಪನ್ನೂ ಬೇರ್ಪಡಿಸಿ ನೋಡುವುದು ಹೇಗೆ? ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಆಸ್ಟಿನ್ ಟೌನ್ ರೆಫರಿ:

ಸರ್, ನಾನು ನಗರದ ಸ್ಥಳೀಯ ಪಂದ್ಯಗಳಲ್ಲಿ ಸೀಟಿ ಹಿಡಿದವನು, ಹಾಗಾಗಿ ಮೊದಲು ನಿಯಮದ ಮಾತು. ಚೆಂಡು ಕೈಗೆ ತಾಗಿದ ಮಾತ್ರಕ್ಕೆ ಅಪರಾಧವಾಗುವುದಿಲ್ಲ. ಆಟಗಾರ ಬೇಕೆಂದೇ ತಾಗಿಸಿದನೇ, ಅಥವಾ ಆ ಕ್ಷಣದ ಚಲನೆಗೆ ಅಗತ್ಯವಿಲ್ಲದಂತೆ ಕೈ ಚಾಚಿ ದೇಹವನ್ನು ಅಸಹಜವಾಗಿ ದೊಡ್ಡದಾಗಿಸಿಕೊಂಡನೇ ಎಂದು ರೆಫರಿ ಕ್ಷಣಾರ್ಧದಲ್ಲಿ ನಿರ್ಧರಿಸಬೇಕು. ಆಫ್‌ಸೈಡ್, ಅಂದರೆ ಪಾಸ್ ಹೊರಟಾಗ ಆಟಗಾರ ಎದುರಾಳಿಯ ಡಿಫೆಂಡರ್‌ಗಳನ್ನು ದಾಟಿ ಗೋಲಿನತ್ತ ಮುಂದೆ ನಿಂತಿದ್ದನೇ ಎಂಬ ತೀರ್ಪು, ಇನ್ನೂ ಕಷ್ಟ: ಲೈನ್ಸ್‌ಮನ್ ಕೊನೆಯಿಂದ ಎರಡನೆಯ ಡಿಫೆಂಡರ್‌ನ ಸಾಲಿನಲ್ಲೇ ಓಡುತ್ತ, ನಲವತ್ತು ಮೀಟರ್ ದೂರದಲ್ಲಿ ಪಾಸ್ ಹೊರಟ ಕ್ಷಣವನ್ನೂ ತನ್ನ ಮುಂದಿನ ಆಟಗಾರ ನಿಂತ ಜಾಗವನ್ನೂ ಒಟ್ಟಿಗೇ ಗ್ರಹಿಸಬೇಕು. ಕಂಠೀರವದಲ್ಲಿ ಗ್ಯಾಲರಿಗೂ ಮೈದಾನಕ್ಕೂ ನಡುವೆ ಅಥ್ಲೆಟಿಕ್ಸ್ ಟ್ರ್ಯಾಕ್ ಇರುವುದರಿಂದ ನಮಗೆ ಅಲ್ಲಿಂದ ಈ ಸಾಲು ನೇರವಾಗಿ ಕಾಣುವುದೇ ಇಲ್ಲ. ಆದರೂ ಬಾವುಟ ಮೇಲೆದ್ದೊಡನೆ ಇಡೀ ಗ್ಯಾಲರಿ ತೀರ್ಪು ಕೊಟ್ಟಾಗಿರುತ್ತದೆ.

ತೀರ್ಪುಗಳು ನಮ್ಮ ಪರವೂ ಬಂದಿವೆ. 2023ರ ಮಾರ್ಚ್‌ನಲ್ಲಿ ಇದೇ ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧದ ಪ್ಲೇಆಫ್‌ನಲ್ಲಿ ನಮ್ಮ ಸುನಿಲ್ ಛೆಟ್ರಿ, ಎದುರಾಳಿಗಳು ಚೆಂಡಿಗೆ ಅಡ್ಡವಾಗಿ ಸಾಲಾಗಿ ನಿಂತು ಗೋಡೆ ಕಟ್ಟುವ ಮೊದಲೇ ಫ್ರೀ ಕಿಕ್ ಹೊಡೆದು ಗೋಲು ಗಳಿಸಿದರು. ಬ್ಲಾಸ್ಟರ್ಸ್ ಆಟಗಾರರು ಮೈದಾನ ಬಿಟ್ಟು ನಡೆದರು, ಆ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡವೂ ಕೋಚ್‌ಗೆ 10 ಪಂದ್ಯಗಳ ನಿಷೇಧವೂ ಬಿದ್ದವು. ತಕ್ಷಣ ಫ್ರೀ ಕಿಕ್ ಹೊಡೆಯಲು ನಿಯಮದಲ್ಲಿ ಅವಕಾಶವಿದೆ. ಆದರೆ ಎದುರಾಳಿಗಳನ್ನು ದೂರ ಸರಿಸಿ ಎಂದು ಫ್ರೀ ಕಿಕ್ ಹೊಡೆಯುವ ತಂಡ ರೆಫರಿಯನ್ನು ಕೇಳಿಕೊಂಡಿದ್ದರೆ ಸೀಟಿಗೆ ಕಾಯಲೇಬೇಕು. ಅಂದಿನ ಜಗಳದಲ್ಲಿ ಈ ವ್ಯತ್ಯಾಸವನ್ನು ಪ್ರೇಕ್ಷಕರಿಗೆ ಬಿಡಿಸಿ ಹೇಳುವ ಕೆಲಸ ಪರಿಣತರದ್ದಾಗಿತ್ತು.

ಹಲಸೂರಿನ ಅಭಿಮಾನಿ:

ಮೇಲಿನವರ ವಿವರಣೆಯನ್ನು ಗೌರವಿಸುತ್ತೇನೆ, ಆದರೆ ಪೂರ್ತಿ ಒಪ್ಪಲಾರೆ. ಫೈನಲ್‌ನಲ್ಲಿ ಒಂದು ತಪ್ಪು ತೀರ್ಪು ಇಡೀ ಋತುವಿನ ಶ್ರಮವನ್ನು ಹಾಳುಮಾಡಬಲ್ಲದು; ಕೆಲಸ ಕಷ್ಟದ್ದು ಎಂಬ ಕಾರಣಕ್ಕೆ ಅದನ್ನು ಸುಮ್ಮನೆ ನುಂಗಿಕೊಳ್ಳಲಾಗದು. ವಿಎಆರ್‌ಗೆ ಖರ್ಚು ಹೆಚ್ಚು ಎನ್ನುವುದಾದರೆ, 2024ರಲ್ಲಿ ಕೊಲಂಬಿಯಾದಲ್ಲಿ ನಡೆದ 20 ವರ್ಷದೊಳಗಿನ ಮಹಿಳೆಯರ ವಿಶ್ವಕಪ್‌ನಲ್ಲಿ ಫಿಫಾ ಪರೀಕ್ಷಿಸಿದ ಅಗ್ಗದ ವ್ಯವಸ್ಥೆಯಿದೆ. ಅದರಲ್ಲಿ ಪ್ರತ್ಯೇಕ ವಿಡಿಯೊ ರೆಫರಿ ಇರುವುದಿಲ್ಲ. ಪ್ರತಿ ಕೋಚ್‌ಗೆ ಎರಡು ಮನವಿಗಳಿದ್ದು, ಮೈದಾನದ ರೆಫರಿಯೇ ಪರದೆ ನೋಡಿ ನಿರ್ಧರಿಸುತ್ತಾರೆ. ಅಭಿಮಾನಿಗಳಾಗಿ ನಾವು ಇದನ್ನು ಒತ್ತಾಯಿಸಬೇಕು.

ಗೌತಮಪುರ:

ತಂತ್ರಜ್ಞಾನ ಬರಲಿ, ಸ್ವಾಗತ. ಆದರೆ 2023ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡ್‌ನ ಲೀಗ್‌ನಲ್ಲಿ ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಜ್ ಹೊಡೆದ ಸರಿಯಾದ ಗೋಲು ವಿಎಆರ್ ಕೋಣೆಯಲ್ಲಿದ್ದವರ ನಡುವಿನ ಗೊಂದಲದಿಂದಲೇ ರದ್ದಾಯಿತು. ಆಮೇಲೆ ಅಲ್ಲಿ ರೆಫರಿಗಳ ಸಂಭಾಷಣೆಯ ಧ್ವನಿಮುದ್ರಣವನ್ನೇ ಬಹಿರಂಗಪಡಿಸಿದರು. ಅಂಥ ಪಾರದರ್ಶಕತೆ ನಮಗೂ ಬೇಕು.

ತಂಡದ ವಿಷಯಕ್ಕೆ ಬಂದರೆ, 2018-19ರಲ್ಲಿ ಐಎಸ್‌ಎಲ್ ಗೆದ್ದ ಈ ತಂಡ 2023-24ರಲ್ಲಿ 12 ತಂಡಗಳ ಪೈಕಿ 10ನೇ ಸ್ಥಾನಕ್ಕೆ ಇಳಿದಿತ್ತು. 22 ಪಂದ್ಯಗಳ ಲೀಗ್‌ನಲ್ಲಿ ಯಾವ ರೆಫರಿಯೂ ಒಂದು ತಂಡವನ್ನು ಅಲ್ಲಿಗೆ ತಳ್ಳಲಾರ. ಮಿಡ್‌ಫೀಲ್ಡ್‌ನಲ್ಲಿ ಚೆಂಡು ಕಳೆದುಕೊಂಡೊಡನೆ ಹಿಂದೆ ಓಡಿಬರುವವರು ಯಾರು, ಬರದೆ ನಿಲ್ಲುವವರು ಯಾರು ಎಂದು ಒಂದು ಪಂದ್ಯವಿಡೀ ಗಮನಿಸಿ ನೋಡಿ.

ಕಂಠೀರವದ ಪ್ರೇಕ್ಷಕ:

ಎಲ್ಲರಿಗೂ ಧನ್ಯವಾದಗಳು. ಹಲಸೂರಿನವರೇ, ನಿಮ್ಮ ಬೇಡಿಕೆ ನ್ಯಾಯವಾದದ್ದು, ಮನವಿ ಬರೆಯುವುದಾದರೆ ನನ್ನ ಹೆಸರೂ ಸೇರಲಿ. ಮುಂದಿನ ಪಂದ್ಯದ ನಂತರ ನಾವು ಬಿಟ್ಟುಕೊಟ್ಟ ಗೋಲುಗಳ ಬಗ್ಗೆ ಮಾತ್ರ ಪ್ರತ್ಯೇಕ ಚರ್ಚೆ ಆರಂಭಿಸುತ್ತೇನೆ. ತೀರ್ಪುಗಳಿಗೆ ಬೇರೆ ಚರ್ಚೆ ಇರಲಿ, ಅಲ್ಲಿ ಆಸ್ಟಿನ್ ಟೌನ್ ರೆಫರಿಯವರು ನಿಯಮವನ್ನು ಮೊದಲು ವಿವರಿಸಿದರೆ ಉಪಕಾರವಾಗುತ್ತದೆ.