ಅಪ್‌ಡೇಟ್: ಕಾರಿಲ್ಲದೆ ಕ್ಯಾಸಲ್‌ಟನ್, ಒಂದೇ ದಿನದಲ್ಲಿ

ಇಂಗ್ಲೆಂಡಿನ ಡರ್ಬಿಶೈರ್‌ನ ಕ್ಯಾಸಲ್‌ಟನ್‌ಗೆ ರೈಲಿನಲ್ಲೇ ಹೋಗಿ ಮ್ಯಾಮ್ ಟಾರ್ ಬೆಟ್ಟ ಹತ್ತಿ ಬರಲು ಆಗುತ್ತದೆಯೇ ಎಂದು ಕೇಳಿದ್ದೆ. ಖಂಡಿತ ಆಗುತ್ತದೆ. ಹೋಪ್ ಸ್ಟೇಷನ್ ಬದಲು ಈಡೇಲ್‌ನಲ್ಲಿ ಇಳಿಯಿರಿ ಎಂದವರಿಗೆ ತುಂಬಾ ಧನ್ಯವಾದ, ಅದೇ ಸರಿಯಾದ ದಾರಿ.

ಮ್ಯಾಂಚೆಸ್ಟರ್–ಶೆಫೀಲ್ಡ್ ವೇಗದ ರೈಲುಗಳು ಸಾಮಾನ್ಯವಾಗಿ ಅಲ್ಲಿ ನಿಲ್ಲುವುದಿಲ್ಲ. ಎಲ್ಲ ಕಡೆ ನಿಲ್ಲುವ ರೈಲನ್ನೇ ಹಿಡಿಯಬೇಕು. ಈಡೇಲ್‌ನಿಂದ ಬೆಟ್ಟಸಾಲಿನ ಮೇಲಿರುವ ಹಾಲಿನ್ಸ್ ಕ್ರಾಸ್‌ಗೆ ಏರಿ, ಬಲಕ್ಕೆ ತಿರುಗಿದರೆ ಬೆಟ್ಟದ ನೆತ್ತಿಯುದ್ದಕ್ಕೂ ಚಪ್ಪಡಿ ಹಾಸಿದ ಹಾದಿ. ಮ್ಯಾಮ್ ಟಾರ್ ತುದಿ 517 ಮೀಟರ್. ಮಳೆ ಬಿದ್ದರೆ ಚಪ್ಪಡಿ ಜಾರುತ್ತದೆ, ಹಿಡಿತವಿರುವ ಶೂ ಬೇಕೇ ಬೇಕು.

ಇಳಿಯುವಾಗ, ಗುಡ್ಡ ಜರುಗಿದ್ದರಿಂದ 1979ರಲ್ಲಿ ಮುಚ್ಚಿದ ಹಳೇ ರಸ್ತೆಯನ್ನು ತಪ್ಪಿಸಬೇಡಿ. ಮೇಲೆ ಮರಳುಗಲ್ಲು, ಕೆಳಗೆ ನೀರು ಕುಡಿದರೆ ಮೆತ್ತಗಾಗುವ ಜೇಡಿಪದರ. ಗುಡ್ಡ ಇಂದಿಗೂ ಜರುಗುತ್ತಿದೆ. ರಿಪೇರಿಗೆಂದು ಮತ್ತೆ ಮತ್ತೆ ಸುರಿದ ಡಾಂಬರು, ಸೀಳಿದ ಅಂಚಿನಲ್ಲಿ ಪದರಪದರವಾಗಿ ಕಾಣುತ್ತದೆ. ಹತ್ತಿರದ ಕಡಿದಾದ ಕಣಿವೆ ರಸ್ತೆ ವಿನ್ನಾಟ್ಸ್ ಪಾಸ್‌ನಲ್ಲಿ ಫುಟ್‌ಪಾತ್ ಇಲ್ಲ, ಮಕ್ಕಳಿದ್ದರೆ ಆ ರಸ್ತೆ ಬೇಡ.

ಸ್ಪೀಡ್‌ವೆಲ್ ಗುಹೆಯಲ್ಲಿ ದೋಣಿ ಹತ್ತುವ ಮೊದಲು ನೂರಕ್ಕೂ ಹೆಚ್ಚು ಮೆಟ್ಟಿಲು ಇಳಿಯಬೇಕು. ಮಂಡಿನೋವಿನ ಹಿರಿಯರಿಗೆ ಊರೊಳಗೇ ಇರುವ ಪೀಕ್ ಕ್ಯಾವರ್ನ್ ಗುಹೆ ವಾಸಿ. ವಾಪಸಿಗೆ ಹೋಪ್ ಸ್ಟೇಷನ್ 3 ಕಿ.ಮೀ.ಗೂ ಹೆಚ್ಚು ದೂರ, ಒಂದು ಗಂಟೆ ಇಟ್ಟುಕೊಂಡೇ ಹೊರಡಿ.