ಪಿಎಚ್‌ಕ್ಯೂ-9 (ಡಿಪ್ರೆಷನ್ ಅಳೆಯುವ ಪ್ರಶ್ನಾವಳಿ) ಅಂಕ 16, ಆದರೆ ಡಾಕ್ಟರ್ ಬರೆದದ್ದು ಬರೀ ‘ಡಿಪ್ರೆಷನ್, ಆಂಗ್ಸೈಟಿ’. ಯಾವ ಕೋಡ್?

ಹೊಸಕೋಡರ್:
ಅಮೆರಿಕದ ಔಟ್‌ಪೇಷಂಟ್ ಚಾರ್ಟ್, ಐಸಿಡಿ-10-ಸಿಎಂ (ಕಾಯಿಲೆಗಳ ಕೋಡ್ ಪಟ್ಟಿಯ ಅಮೆರಿಕನ್ ಆವೃತ್ತಿ). ಅಸೆಸ್‌ಮೆಂಟ್‌ನಲ್ಲಿ ‘ಡಿಪ್ರೆಷನ್, ಆಂಗ್ಸೈಟಿ, ಸರ್ಟ್ರಲೀನ್ 50 ಎಂಜಿ ಮುಂದುವರಿಸಿ’ ಅಂತಷ್ಟೇ ಇದೆ. ಅಂಕ ನೋಡಿ ಎಫ್32.1 (ಮಾಡರೇಟ್ ಮೇಜರ್ ಡಿಪ್ರೆಷನ್, ಒಂದೇ ಎಪಿಸೋಡ್) ಹಾಕಬಹುದಾ? ಅಥವಾ ಎರಡಕ್ಕೂ ಸೇರಿ ಎಫ್41.8 ಸಾಕಾ?

ಆಡಿಟ್‌ಕಣ್ಣು:
ಎರಡೂ ಬೇಡ. ಈ ಚಾರ್ಟ್‌ಗೆ ಎಫ್32.ಎ (ಬಗೆ ಹೇಳದ ಡಿಪ್ರೆಷನ್) ಮತ್ತು ಎಫ್41.9 (ಬಗೆ ಹೇಳದ ಆಂಗ್ಸೈಟಿ).

ಎಫ್32.ಎ 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲು ಬರೀ ‘ಡಿಪ್ರೆಷನ್’ ಎಂದರೂ ಎಫ್32.9ಕ್ಕೇ (ತೀವ್ರತೆ ಹೇಳದ ಮೇಜರ್ ಡಿಪ್ರೆಷನ್) ಹೋಗುತ್ತಿತ್ತು. ಈಗ ಎಫ್32.9 ಹಾಕಬೇಕಾದರೆ ‘ಮೇಜರ್’ ಅನ್ನೋ ಮಾತನ್ನು ಡಾಕ್ಟರೇ ಬರೆದಿರಬೇಕು.

ಅಂಕ ನೋಡಿ ಕೋಡರ್ ತೀವ್ರತೆ ನಿರ್ಧರಿಸುವಂತಿಲ್ಲ. ನಿಮ್ಮ 16ನ್ನೇ ನೋಡಿ: 15ರಿಂದ 19ರವರೆಗೆ ಪಿಎಚ್‌ಕ್ಯೂ-9 ಪ್ರಕಾರ ‘ಮಾಡರೇಟ್ಲಿ ಸಿವಿಯರ್’. ಐಸಿಡಿಯಲ್ಲಿ ಆ ಮೆಟ್ಟಿಲೇ ಇಲ್ಲ. ಮಾಡರೇಟ್ ಎಫ್32.1, ಸಿವಿಯರ್ ಎಫ್32.2. ಯಾವ ಕಡೆ ತಳ್ಳಿದರೂ ರೋಗನಿರ್ಣಯ ನೀವು ಮಾಡಿದಂತಾಯ್ತು.

ಕೋಡ್ ಪುಸ್ತಕದ ಇಂಡೆಕ್ಸ್‌ನಲ್ಲಿ ಎಫ್41.8 ಸಿಗುವುದು ‘ಆಂಗ್ಸೈಟಿ ಡಿಪ್ರೆಷನ್’ ಎಂದು ಒಂದೇ ಕಾಯಿಲೆಯಾಗಿ ಬರೆದಾಗ. ನಡುವೆ ಕಾಮಾ ಇದ್ದರೆ ಅವು ಎರಡು ಕಾಯಿಲೆ. ಡಬ್ಲ್ಯೂಎಚ್‌ಒ ಪುಸ್ತಕದ ಎಫ್41.2 (ಆಂಗ್ಸೈಟಿ, ಡಿಪ್ರೆಷನ್ ಬೆರೆತ ಕಾಯಿಲೆ) ಹುಡುಕಬೇಡಿ, ಅದು ಸಿಎಂ ಆವೃತ್ತಿಯಲ್ಲಿಲ್ಲ.

ಕ್ವೆರಿಡೆಸ್ಕ್:
ಹೌದು. ಆದರೆ ಅಲ್ಲಿಗೇ ಬಿಡಬೇಡಿ, ಕ್ವೆರಿ (ಡಾಕ್ಟರಿಗೆ ಲಿಖಿತ ಪ್ರಶ್ನೆ) ಕಳಿಸಿ. ಅಂಕ, ಔಷಧಿ, ನೋಟ್‌ನಲ್ಲಿರುವ ಲಕ್ಷಣಗಳನ್ನು ಇದ್ದಂತೆ ಎತ್ತಿ ಬರೆದು ಇಷ್ಟು ಕೇಳಿ: ಯಾವ ಬಗೆಯ ಡಿಪ್ರೆಷನ್? ಮೇಜರ್ ಆದರೆ ಒಂದೇ ಎಪಿಸೋಡಾ, ಮರುಕಳಿಸಿದ್ದಾ? ತೀವ್ರತೆ ಎಷ್ಟು, ಸೈಕೋಸಿಸ್ ಇದೆಯಾ, ರೆಮಿಷನ್ನಾ (ಲಕ್ಷಣಗಳು ಇಳಿದಿವೆಯಾ)? ಮರುಕಳಿಸಿದ್ದು, ಅಂದರೆ ಎಫ್33, ಎನ್ನಲು ಎರಡು ಎಪಿಸೋಡ್‌ಗಳ ಮಧ್ಯೆ ಕನಿಷ್ಠ 2 ತಿಂಗಳ ಬಿಡುವು ಬೇಕು. ಆಯ್ಕೆಗಳಲ್ಲಿ ‘ಬೇರೆ’, ‘ಹೇಳಲಾಗದು’ ಇರಲೇಬೇಕು. ‘ಎಂಡಿಡಿ (ಮೇಜರ್ ಡಿಪ್ರೆಸಿವ್ ಡಿಸಾರ್ಡರ್) ಮಾಡರೇಟ್ ಅಲ್ಲವೇ?’ ಅಂತ ಕೇಳಿದರೆ ಉತ್ತರವನ್ನು ನೀವೇ ಬಾಯಿಗಿಟ್ಟ ಹಾಗೆ. ಹಣದ ಮಾತಂತೂ ಎತ್ತಲೇಬಾರದು: ಮೆಡಿಕೇರ್ ಅಡ್ವಾಂಟೇಜ್‌ನ (ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ವಿಮೆ) ವಿ28 ಮಾದರಿಯಲ್ಲಿ, ಅಂದರೆ ರೋಗಿಯ ಕಾಯಿಲೆ ನೋಡಿ ಹಣ ನಿಗದಿಮಾಡುವ ಲೆಕ್ಕದಲ್ಲಿ, ಎಫ್32.1 ಎಚ್‌ಸಿಸಿ 155 ಎಂಬ ಹೆಚ್ಚು ಹಣ ತರುವ ಗುಂಪಿಗೆ ಸೇರುತ್ತದೆ, ಎಫ್32.ಎ ಯಾವುದಕ್ಕೂ ಸೇರುವುದಿಲ್ಲ. ಆಧಾರವಿಲ್ಲದ ಎಫ್32.1 ಆಡಿಟ್‌ನಲ್ಲಿ ಮೊದಲು ಸಿಕ್ಕಿಬೀಳುವುದು ಇದಕ್ಕೇ.

ಹೊಸಕೋಡರ್:
ಉತ್ತರದಲ್ಲಿ ‘ಪ್ರಾಬಬಲ್ ಎಂಡಿಡಿ’ ಅಂತ ಬಂದರೆ?

ಆಡಿಟ್‌ಕಣ್ಣು:
ಔಟ್‌ಪೇಷಂಟ್‌ನಲ್ಲಿ ‘ಪ್ರಾಬಬಲ್’, ‘ಸಸ್ಪೆಕ್ಟೆಡ್’, ‘ರೂಲ್ ಔಟ್’ ಯಾವುದನ್ನೂ ಖಚಿತ ಕಾಯಿಲೆಯಂತೆ ಕೋಡ್ ಮಾಡುವಂತಿಲ್ಲ. ಎಂಡಿಡಿ ಬಿಡಿ. ಡಿಪ್ರೆಷನ್ ಖಚಿತವೆಂದು ನೋಟ್‌ನಲ್ಲಿ ಉಳಿದಿದ್ದರೆ ಎಫ್32.ಎ ನಿಲ್ಲುತ್ತೆ. ಅದನ್ನೂ ಅನುಮಾನ ಅಂತಲೇ ತಿದ್ದಿದ್ದರೆ ಬರೆದಿರುವ ಲಕ್ಷಣಗಳಿಗಷ್ಟೇ ಕೋಡ್.