ಝೇನ್ಸ್ ಟ್ರೇಸ್ ದಾರಿಯ ಹಳೇ ವಸತಿಯ ಜಾಗವನ್ನು ಇಂದಿನ ನಕ್ಷೆಯಲ್ಲಿ ಗುರುತಿಸುವುದು ಹೇಗೆ?

ಪ್ರಶ್ನೆ
ಓಹಾಯೋದ ಲ್ಯಾಂಕಾಸ್ಟರ್ ಮತ್ತು ಚಿಲಿಕಾಥಿ ನಡುವೆ, ಝೇನ್ಸ್ ಟ್ರೇಸ್ (ಎಬನೀಜರ್ ಝೇನ್ ಕಾಡು ಕಡಿಸಿ ಮಾಡಿದ ಹಳೇ ದಾರಿ) ಪಕ್ಕದಲ್ಲಿ 1798ರಿಂದಲೇ ನೆಲೆಸಿದ್ದ ಒಂದು ಕುಟುಂಬದ ಜಾಗ ಹುಡುಕುತ್ತಿದ್ದೇನೆ. ಸಿಕ್ಕಿರುವ ಸರ್ಕಾರಿ ಹಕ್ಕುಪತ್ರ 1806ರದ್ದು. ಹಾಗಾದರೆ ಇದು ಬೇರೆ ಜಮೀನೇ? ಆಗಿನ ದಾರಿ ಎಲ್ಲಿ ಹಾದುಹೋಗಿತ್ತು ಅಂತ ಯಾವ ದಾಖಲೆ ನೋಡಬೇಕು?

ಉತ್ತರ 1
ಎಂಟು ವರ್ಷದ ಅಂತರ ನೋಡಿ ಬೇರೆ ಜಮೀನು ಅಂದುಕೊಳ್ಳಬೇಡಿ. ಸರ್ಕಾರಿ ಜಮೀನು ಮಾರಾಟದ 1796ರ ಕಾಯ್ದೆಯಲ್ಲಿ ಕನಿಷ್ಠ ಖರೀದಿ 640 ಎಕರೆ, ಎಕರೆಗೆ 2 ಡಾಲರ್. 1,280 ಡಾಲರ್ ಹೊಂದಿಸುವ ಶಕ್ತಿ ಎಷ್ಟು ಸಂಸಾರಗಳಿಗಿತ್ತು? ಎಷ್ಟೋ ಜನ ಹಕ್ಕಿಲ್ಲದೆಯೇ ಮರದ ದಿಮ್ಮಿಯ ಮನೆ ಕಟ್ಟಿ ಉಳುಮೆ ಶುರುಮಾಡಿದರು. 1800ರ ಕಾಯ್ದೆ ಕನಿಷ್ಠವನ್ನು 320 ಎಕರೆಗೆ ಇಳಿಸಿ, ಹಣ ಕಟ್ಟಲು ನಾಲ್ಕು ವರ್ಷ ಗಡುವು ಕೊಟ್ಟಿತು; ಚಿಲಿಕಾಥಿಯಲ್ಲೇ ಭೂ ಕಚೇರಿಯೂ ಬಂತು. ಪೂರ್ತಿ ಹಣ ಸಂದಾಯವಾದ ಮೇಲಷ್ಟೇ ಹಕ್ಕುಪತ್ರ. ಹಾಗಾಗಿ 1801–02ರಲ್ಲಿ ಕೊಂಡವರಿಗೆ 1806ರಲ್ಲಿ ಪತ್ರ ಸಿಕ್ಕಿದ್ದರೆ ಅದು ಸಹಜವೇ. ಹಕ್ಕುಪತ್ರದ ತಾರೀಖು ಬಿಟ್ಟು, ಭೂ ಕಚೇರಿಯ ಖರೀದಿ ನೋಂದಣಿ ಪುಸ್ತಕ ನೋಡಿ.

ಉತ್ತರ 2
ದಾರಿಗೆ ಸರ್ವೆಯರುಗಳ ಕ್ಷೇತ್ರ ಟಿಪ್ಪಣಿಯೇ ಮುಖ್ಯ. ಜಮೀನನ್ನು ಚೌಕಗಳಾಗಿ ಭಾಗಿಸಲು ಗಡಿರೇಖೆ ಎಳೆಯುತ್ತಾ ಹೊಳೆ, ದಾರಿ ಅಡ್ಡ ಬಂದಲ್ಲೆಲ್ಲ ಎಷ್ಟು ಚೈನ್ ದೂರದಲ್ಲಿ ಅಂತ ಬರೆದಿರುತ್ತಾರೆ. ಒಂದು ಚೈನ್ ಅಂದರೆ 66 ಅಡಿ, ಅದರಲ್ಲಿ 100 ಲಿಂಕ್. ಮೈಲಿಗೆ 80 ಚೈನ್. ಉದಾಹರಣೆಗೆ "37 ಚೈನ್ 50 ಲಿಂಕ್, ದಾರಿ" ಅಂತಿದ್ದರೆ, ಆ ರೇಖೆ ಶುರುವಾದ ಮೂಲೆಯಿಂದ 2,475 ಅಡಿ ಅಳೆದು ಚುಕ್ಕೆ ಇಡಿ. ಮುಂದಿನ ರೇಖೆಯಲ್ಲೂ ಹಾಗೇ ಮಾಡಿ. ಗಟ್ಟಿ ಸಾಕ್ಷಿ ಅಂದರೆ ಈ ಚುಕ್ಕೆಗಳು ಮಾತ್ರ. ನಡುವಿನ ಗೆರೆ ನಕ್ಷೆ ಬರೆದವನ ಊಹೆ. 1796ರ ನಿಯಮದ ಸರ್ವೆಯಲ್ಲಿ ರೇಖೆಗಳು ಎರಡು ಮೈಲಿಗೊಂದು ಇರುವುದೂ ಉಂಟು, ಅಲ್ಲಿ ಊಹೆಯ ಪಾಲು ಇನ್ನೂ ದೊಡ್ಡದು.

ಇಂದಿನ ಸ್ಟೇಟ್ ರೂಟ್ 159 ಟಾರ್ಲ್‌ಟನ್, ಕಿಂಗ್‌ಸ್ಟನ್ ಮೂಲಕ ಸುಮಾರಾಗಿ ಅದೇ ದಿಕ್ಕು ಹಿಡಿದಿದೆ. ಆದರೆ ಟಾರು ರಸ್ತೆಯನ್ನೇ ಹಳೇ ದಾರಿ ಅನ್ನಬೇಡಿ. ಮೊದಲು ಅದು ಕುದುರೆ ಸವಾರರು ಹೋಗುವಷ್ಟೇ ಅಗಲದ್ದು. ಬಂಡಿಗಾಗಿ ಅಗಲ ಮಾಡಿದಾಗ, ಕೆಸರು ತಪ್ಪಿಸಿದಾಗ ಜಾಡು ಸರಿದಿದೆ.

ಉತ್ತರ 3
ಮೇಲಿನದೆಲ್ಲ ಸಯೋಟೋ ನದಿಯ ಪೂರ್ವಕ್ಕೆ ಮಾತ್ರ. ಪಶ್ಚಿಮ ದಡದಿಂದ ವರ್ಜೀನಿಯಾ ಮಿಲಿಟರಿ ಡಿಸ್ಟ್ರಿಕ್ಟ್, ಅಂದರೆ ವರ್ಜೀನಿಯಾ ತನ್ನ ಯೋಧರಿಗಾಗಿ ಮೀಸಲಿಟ್ಟುಕೊಂಡ ಜಮೀನು. ದಾರಿ ಮಾಡಿದ್ದಕ್ಕೆ ಎಬನೀಜರ್ ಝೇನ್‌ಗೆ ಅಮೆರಿಕದ ಸಂಸತ್ತು (ಕಾಂಗ್ರೆಸ್) ಕೊಟ್ಟ ಮೂರನೇ ತುಂಡು ಜಮೀನು ಪಶ್ಚಿಮ ದಡದ ಚಿಲಿಕಾಥಿ ಊರಿನಲ್ಲಿರದೆ ಎದುರು ದಡದಲ್ಲಿರುವುದಕ್ಕೂ ಇದೇ ಕಾರಣ. ಮಿಲಿಟರಿ ಡಿಸ್ಟ್ರಿಕ್ಟ್‌ನಲ್ಲಿ ಚೌಕಗಳಿಲ್ಲ. "ಹೊಳೆ ದಡದ ಬಿಳಿ ಓಕ್‌ನಿಂದ ಈಶಾನ್ಯಕ್ಕೆ 120 ಪೋಲ್, ಎರಡು ಹಿಕರಿ ಮರ" ಎಂಬ ಧಾಟಿಯ ವಿವರಣೆ. ಪೋಲ್ ಅಂದರೆ 16.5 ಅಡಿ, ಅಂದರೆ ಇದು 1,980 ಅಡಿ. ದಿಕ್ಸೂಚಿಯ ಉತ್ತರ ಅಂದಿನಿಂದ ಇಂದಿಗೆ ಸರಿದಿರುವುದರಿಂದ ಆಕೃತಿಯನ್ನು ಇದ್ದಂತೆ ಇಟ್ಟರೆ ಕೂರುವುದಿಲ್ಲ. ಎರಡು ಹೊಳೆ ಬಿಂದುಗಳಿಗೆ ಹೊಂದಿಸಿ ಇಡೀ ಆಕೃತಿಯನ್ನು ತಿರುಗಿಸಿ. ಒಬ್ಬರ ಸರ್ವೆ ಇನ್ನೊಬ್ಬರದರ ಮೇಲೆ ಬಿದ್ದಿರುವುದು ಸಾಮಾನ್ಯ, ಗಾಬರಿಯಾಗಬೇಡಿ.

ಇನ್ನೊಂದು: ಕೌಂಟಿ ನೋಡಿಕೊಳ್ಳಿ. ರಾಸ್ 1798ರಲ್ಲಿ, ಫೇರ್‌ಫೀಲ್ಡ್ 1800ರಲ್ಲಿ, ಪಿಕವೇ 1810ರಲ್ಲಿ ಆದದ್ದು. ಇಂದು ಪಿಕವೇಯಲ್ಲಿರುವ ಜಮೀನಿನ 1806ರ ಕ್ರಯಪತ್ರ ಪಿಕವೇ ಕಚೇರಿಯಲ್ಲಿ ಸಿಗದಿದ್ದರೆ ರಾಸ್ ಅಥವಾ ಫೇರ್‌ಫೀಲ್ಡ್ ಪುಸ್ತಕಗಳಲ್ಲಿ ಹುಡುಕಿ.